ಚಾಟ್‌ಬಾಟ್‌ಗೆ ಮಾಕ್ ಬಳಸಿ ಟೆಸ್ಟ್ ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಟೆಲಿಗ್ರಾಮ್ ಬಾಟ್ ಬರೆಯುವವರು, ಅದರಲ್ಲೂ ಕನ್ನಡದಲ್ಲಿ ಉತ್ತರ ಕೊಡುವ ಬಾಟ್ ಬರೆಯುವವರು, ಟೆಸ್ಟ್ (ಕೋಡ್ ಸರಿಯಿದೆಯಾ ಎಂದು ಪರೀಕ್ಷಿಸುವ ಇನ್ನೊಂದು ಕೋಡ್) ವಿಷಯ ಬಂದಾಗ ಕೇಳುವ ಪ್ರಶ್ನೆಗಳು ಇಲ್ಲಿವೆ. ಭಾಷೆ ಪೈಥಾನ್, ಲೈಬ್ರರಿ ಪೈಥಾನ್-ಟೆಲಿಗ್ರಾಮ್-ಬಾಟ್, ಟೆಸ್ಟ್ ಓಡಿಸುವುದಕ್ಕೆ ಪೈಟೆಸ್ಟ್ ಎಂದು ಇಟ್ಟುಕೊಂಡಿದ್ದೇನೆ. ಬೇರೆ ಭಾಷೆಯಲ್ಲಿ ಬರೆಯುವವರಿಗೂ ವಿಚಾರ ಇದೇ, ಹೆಸರುಗಳು ಮಾತ್ರ ಬೇರೆ.

ಉದ್ದಕ್ಕೂ ಒಂದೇ ಉದಾಹರಣೆ ಬಳಸಿದ್ದೇನೆ: ಅಡಿಕೆ ಧಾರಣೆ ಹೇಳುವ ಬಾಟ್. ‘ಶಿರಸಿ’ ಎಂದು ಬರೆದರೆ ಅವತ್ತಿನ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆ ಬಗೆಗಳ ದರ ಕ್ವಿಂಟಾಲ್ ಲೆಕ್ಕದಲ್ಲಿ ಬರಬೇಕು. ದರವನ್ನು ಬಾಟ್ ಬೇರೊಂದು ಸರ್ವರ್‌ನಿಂದ ತರುತ್ತದೆ. ಬೆಳಿಗ್ಗೆ ಏಳಕ್ಕೆ ಚಂದಾದಾರರಿಗೆ ತಾನಾಗಿ ಕಳಿಸುತ್ತದೆ.

ಮೊಬೈಲ್‌ನಲ್ಲಿ ಬಾಟ್‌ಗೆ ನಾನೇ ಮೆಸೇಜ್ ಹಾಕಿ ನೋಡುತ್ತೇನೆ. ಅಷ್ಟು ಸಾಲದಾ?

ಮೊದಲ ದಿನ ಸಾಕು. ಕೋಡ್ ಬೆಳೆದ ಮೇಲೆ ಸಾಲುವುದಿಲ್ಲ. ಮಾರುಕಟ್ಟೆಗೆ ರಜೆ ಇದ್ದ ದಿನ ಏನು ಹೇಳುತ್ತದೆ, ದರದ ಸರ್ವರ್ ಮಲಗಿದ್ದರೆ ಏನು ಹೇಳುತ್ತದೆ, ಬಳಕೆದಾರರು ಬಾಟನ್ನು ಬ್ಲಾಕ್ ಮಾಡಿದ್ದರೆ ಉಳಿದವರಿಗೆ ಮೆಸೇಜ್ ಹೋಗುತ್ತದಾ? ಇವನ್ನೆಲ್ಲ ಮೊಬೈಲ್ ಹಿಡಿದು ಪರೀಕ್ಷಿಸಲು ಆಗುವುದಿಲ್ಲ. ಬೇಕೆಂದಾಗ ಯಾರದ್ದೋ ಸರ್ವರನ್ನು ಕೆಡಿಸೋಕಾಗಲ್ಲ ಅಲ್ವಾ? ಮಾಕ್ ಇದ್ದರೆ ಆ ಸ್ಥಿತಿಯನ್ನು ಒಂದೇ ಸಾಲಿನಲ್ಲಿ ತಂದು ನಿಲ್ಲಿಸಬಹುದು.

ಮಾಕ್ ಅಂದರೆ ಸರಿಯಾಗಿ ಏನು? ಸ್ಟಬ್, ಫೇಕ್ ಅಂತಲೂ ಹೇಳುತ್ತಾರಲ್ಲ?

ನಿಜವಾದ ವಸ್ತುವಿನ ಜಾಗದಲ್ಲಿ ಟೆಸ್ಟ್ ಮಟ್ಟಿಗೆ ಕೂರಿಸುವ ಬದಲಿ ವಸ್ತು. ಕೇಳಿದಾಗ ಮೊದಲೇ ಹೇಳಿಕೊಟ್ಟ ಉತ್ತರ ಕೊಡುವುದಷ್ಟೇ ಕೆಲಸವಾದರೆ ಅದು ಸ್ಟಬ್. ತನ್ನನ್ನು ಎಷ್ಟು ಸಲ, ಯಾವ ಮಾಹಿತಿ ಕೊಟ್ಟು ಕರೆದರು ಎಂದು ನೆನಪಿಟ್ಟುಕೊಂಡು ಆಮೇಲೆ ಪರೀಕ್ಷಿಸಲು ಬಿಟ್ಟರೆ ಮಾಕ್. ನಿಜವಾದದ್ದರಂತೆಯೇ ಕೆಲಸ ಮಾಡುವ ಸರಳ ಆವೃತ್ತಿ ಫೇಕ್. ಡೇಟಾಬೇಸ್ ಬದಲು ಮೆಮೊರಿಯಲ್ಲಿ ಒಂದು ಡಿಕ್ಷನರಿ ಇಟ್ಟ ಹಾಗೆ. ಪೈಥಾನ್‌ನ ‘ಯೂನಿಟ್‌ಟೆಸ್ಟ್ ಡಾಟ್ ಮಾಕ್’ ಮೊದಲ ಎರಡೂ ಕೆಲಸ ಮಾಡುತ್ತದೆ. ಪೈಥಾನ್ 3.3ರಿಂದ ಅದು ಭಾಷೆಯ ಜೊತೆಗೇ ಬರುತ್ತದೆ, ಬೇರೆ ಇನ್‌ಸ್ಟಾಲ್ ಮಾಡಬೇಕಾಗಿಲ್ಲ.

ಯಾವುದನ್ನು ಮಾಕ್ ಮಾಡಬೇಕು, ಯಾವುದನ್ನು ಮಾಡಬಾರದು?

ಇಡೀ ಪುಟದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ.

ನಿಮ್ಮ ಪ್ರೋಗ್ರಾಂ ಹೊರಗಿನ ಲೋಕವನ್ನು ಮುಟ್ಟುವ ಜಾಗಗಳನ್ನು ಮಾತ್ರ ಮಾಕ್ ಮಾಡಿ. ಧಾರಣೆ ಬಾಟ್‌ನಲ್ಲಿ ಅಂಥವು ಮೂರೇ: ಟೆಲಿಗ್ರಾಮ್‌ಗೆ ಮೆಸೇಜ್ ಕಳಿಸುವುದು, ದರದ ಸರ್ವರನ್ನು ಕೇಳುವುದು, ಗಡಿಯಾರ ನೋಡುವುದು. ಊರಿನ ಹೆಸರು ಗುರುತಿಸುವುದು, ದರವನ್ನು ಸಾಲಾಗಿ ಜೋಡಿಸುವುದು, ರಜೆ ಇದ್ದರೆ ಹಿಂದಿನ ದಿನದ ದರ ಹುಡುಕುವುದು ಇವೆಲ್ಲ ನಿಮ್ಮದೇ ಕೋಡ್. ಅದನ್ನು ಮಾಕ್ ಮಾಡಿದರೆ ಪರೀಕ್ಷಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಆ ಮೂರು ಜಾಗಗಳಿಗೂ ನಿಮ್ಮದೇ ಒಂದೊಂದು ತೆಳು ಕ್ಲಾಸ್ ಬರೆಯಿರಿ. ಉದಾಹರಣೆಗೆ ‘ದರಮೂಲ’ ಎಂಬ ಕ್ಲಾಸ್, ಅದಕ್ಕೆ ‘ಇಂದಿನ ದರ’ ಎಂಬ ಒಂದೇ ಮೆಥಡ್. ಅದರೊಳಗೆ ಎಚ್‌ಟಿಟಿಪಿ, ಜೇಸನ್ (ಸರ್ವರ್‌ಗಳು ಮಾಹಿತಿ ಕಳಿಸುವ ಪಠ್ಯರೂಪ), ಟೈಮ್‌ಔಟ್ ಎಲ್ಲ ಇರಲಿ. ಉಳಿದ ಕೋಡ್‌ಗೆ ಅದ್ಯಾವುದರ ಸುದ್ದಿಯೂ ಬೇಡ. ಟೆಸ್ಟ್‌ನಲ್ಲಿ ಆ ಕ್ಲಾಸಿನ ಜಾಗಕ್ಕೆ ಮಾಕ್ ಕೊಟ್ಟರೆ ಮುಗಿಯಿತು. ಹೀಗೆ ಮಾಡದೆ ಲೈಬ್ರರಿಯ ಒಳಗಿನ ಫಂಕ್ಷನ್‌ಗಳನ್ನೇ ಮಾಕ್ ಮಾಡುತ್ತಾ ಹೋದವರು ಲೈಬ್ರರಿಯ ಹೊಸ ಆವೃತ್ತಿ ಬಂದಾಗ ಕಷ್ಟಪಡುತ್ತಾರೆ. ಪೈಥಾನ್-ಟೆಲಿಗ್ರಾಮ್-ಬಾಟ್ 20ನೇ ಆವೃತ್ತಿಯಲ್ಲಿ ಪೂರ್ತಿ ಅಸಿಂಕ್ ಆಯಿತು, ಅಂದರೆ ನೆಟ್‌ವರ್ಕ್ ಮುಟ್ಟುವ ಮೆಥಡ್‌ಗಳನ್ನು ‘ಅವೇಟ್’ ಎಂಬ ಪದ ಸೇರಿಸಿ ಕರೆಯಬೇಕಾಯಿತು. ಎಲ್ಲ ಟೆಸ್ಟ್‌ನಲ್ಲೂ ಲೈಬ್ರರಿಯ ಮೆಥಡ್‌ಗಳನ್ನು ನೇರವಾಗಿ ಮಾಕ್ ಮಾಡಿದ್ದರೆ ಎಲ್ಲವನ್ನೂ ತಿದ್ದಬೇಕು. ತೆಳು ಕ್ಲಾಸ್ ಇದ್ದರೆ ತಿದ್ದುವ ಜಾಗ ತುಂಬಾ ಕಡಿಮೆಯಾಗುತ್ತದೆ.

ಒಂದು ಟೆಸ್ಟ್‌ನಲ್ಲಿ ನಾಲ್ಕೈದು ಮಾಕ್ ಬೇಕಾಗುತ್ತಿದೆ ಅಂದರೆ ಟೆಸ್ಟ್ ಕೆಟ್ಟದಾಗಿದೆ ಅಂದುಕೊಳ್ಳಬೇಡಿ. ಆ ಫಂಕ್ಷನ್ ಒಟ್ಟಿಗೆ ಜಾಸ್ತಿ ಕೆಲಸ ಮಾಡುತ್ತಿದೆ. ಅದನ್ನು ಒಡೆಯಿರಿ.

ಒಂದು ಟೆಸ್ಟ್ ಹೇಗಿರುತ್ತದೆ, ಹಂತಹಂತವಾಗಿ ಹೇಳಿ.

ಮೊದಲು ಸಿದ್ಧತೆ. ದರಮೂಲದ ಮಾಕ್ ಮಾಡಿ, ಅದರ ‘ರಿಟರ್ನ್ ವ್ಯಾಲ್ಯೂ’ಗೆ ‘ರಾಶಿ, ಕನಿಷ್ಠ 44,000, ಗರಿಷ್ಠ 48,500’ ಎಂಬ ಒಂದು ಉತ್ತರ ಕೊಡಿ. ಇವು ಟೆಸ್ಟ್‌ಗೆಂದು ಇಟ್ಟ ಸಂಖ್ಯೆಗಳು, ನಿಜವಾದ ದರ ಆಗಬೇಕಿಲ್ಲ. ಟೆಲಿಗ್ರಾಮ್‌ಗೆ ಕಳಿಸುವ ಕ್ಲಾಸಿನ ಮಾಕ್ ಇನ್ನೊಂದು.

ಆಮೇಲೆ ಕೆಲಸ. ‘ಶಿರಸಿ’ ಎಂಬ ಪಠ್ಯವನ್ನು ಹ್ಯಾಂಡ್ಲರ್‌ಗೆ (ಬಂದ ಮೆಸೇಜನ್ನು ನೋಡಿಕೊಳ್ಳುವ ಫಂಕ್ಷನ್) ಕೊಟ್ಟು ಒಂದು ಸಲ ಓಡಿಸಿ.

ಕೊನೆಗೆ ತಪಾಸಣೆ. ಕಳಿಸುವ ಮಾಕ್ ಒಂದೇ ಸಲ ಕರೆಯಲ್ಪಟ್ಟಿತಾ? ಸರಿಯಾದ ಚಾಟ್ ಐಡಿಗೇ ಹೋಯಿತಾ? ಪಠ್ಯದಲ್ಲಿ ‘ರಾಶಿ’ ಮತ್ತು ‘48,500’ ಇವೆಯಾ? ಇಷ್ಟೇ. ಇಡೀ ವಾಕ್ಯ ಅಕ್ಷರಕ್ಕೆ ಅಕ್ಷರ ಹೊಂದಬೇಕು ಎಂದು ಅಸರ್ಟ್ (ತಪಾಸಣೆಯ ಸಾಲು) ಬರೆಯಬೇಡಿ. ನಾಳೆ ಯಾರೋ ‘ನಮಸ್ಕಾರ’ ಎಂದು ಮುಂದೆ ಸೇರಿಸಿದರೆ ಸುಮ್ನೆ ಮೂವತ್ತು ಟೆಸ್ಟ್ ಬೀಳುತ್ತವೆ, ಬಾಟ್ ಮಾತ್ರ ಸರಿಯಾಗೇ ಇರುತ್ತದೆ. ವಾಕ್ಯದ ಪೂರ್ತಿ ರೂಪ ನೋಡುವ ಟೆಸ್ಟ್ ಒಂದು ಇರಲಿ, ಉಳಿದವು ಮುಖ್ಯ ಮಾಹಿತಿಯನ್ನಷ್ಟೇ ನೋಡಲಿ.

ಟೆಸ್ಟ್ ಓಡಿಸಲು ಬಾಟ್ ಟೋಕನ್ ಬೇಕಾ?

ಬೇಡ. ಬಾಟ್‌ಫಾದರ್ (ಹೊಸ ಬಾಟ್ ಮಾಡಿಕೊಡುವ ಟೆಲಿಗ್ರಾಮ್‌ನದೇ ಬಾಟ್) ಕೊಟ್ಟ ನಿಜವಾದ ಟೋಕನ್, ಅಂದರೆ ಬಾಟ್‌ನ ಗುಪ್ತ ಕೀಲಿ, ಟೆಸ್ಟ್ ಫೈಲ್‌ನಲ್ಲಿ ಎಲ್ಲೂ ಇರಬಾರದು. ಟೋಕನ್ ಇಲ್ಲದೆ ಟೆಸ್ಟ್ ಓಡುವುದಿಲ್ಲ ಅಂದರೆ ಎಲ್ಲೋ ಒಂದು ಕರೆ ಹೊರಗೆ ಸೋರುತ್ತಿದೆ. ‘ಪೈಟೆಸ್ಟ್-ಸಾಕೆಟ್’ ಎಂಬ ಪ್ಲಗಿನ್ ಹಾಕಿ ಟೆಸ್ಟ್ ಹೊತ್ತಿನಲ್ಲಿ ನೆಟ್‌ವರ್ಕ್ ಬಂದ್ ಮಾಡಿ. ಸೋರುವ ಕರೆ ತಕ್ಷಣ ಎರರ್ ಆಗಿ ಎದುರಿಗೆ ಬರುತ್ತದೆ.

ಪ್ಯಾಚ್ ಮಾಡಿದ್ದೇನೆ (ಕೋಡ್‌ನ ಒಂದು ಹೆಸರಿನ ಜಾಗಕ್ಕೆ ಟೆಸ್ಟ್ ಮಟ್ಟಿಗೆ ಮಾಕ್ ಕೂರಿಸಿದ್ದೇನೆ), ಆದರೂ ನಿಜವಾದ ಸರ್ವರ್‌ಗೇ ಹೋಗುತ್ತಿದೆ. ಯಾಕೆ?

ಹತ್ತರಲ್ಲಿ ಒಂಬತ್ತು ಸಲ ತಪ್ಪು ಜಾಗದಲ್ಲಿ ಪ್ಯಾಚ್ ಮಾಡಿರುತ್ತೀರಿ. ‘ದರ’ ಎಂಬ ಫೈಲ್‌ನಲ್ಲಿ ಇರುವ ಫಂಕ್ಷನನ್ನು ‘ಹ್ಯಾಂಡ್ಲರ್’ ಫೈಲ್ ‘ಫ್ರಮ್ ದರ ಇಂಪೋರ್ಟ್’ ಎಂದು ತಂದುಕೊಂಡಿದ್ದರೆ ಆ ಹೆಸರು ಈಗ ಹ್ಯಾಂಡ್ಲರ್ ಫೈಲ್‌ನಲ್ಲೂ ಇದೆ. ಬಳಸುವುದು ಅದನ್ನೇ. ಮೂಲ ಫೈಲ್‌ನಲ್ಲಿ ಪ್ಯಾಚ್ ಮಾಡಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಹೆಸರನ್ನು ಎಲ್ಲಿ ಬಳಸುತ್ತಾರೋ ಅಲ್ಲಿ ಪ್ಯಾಚ್ ಮಾಡಬೇಕು. ನನ್ನ ಸಲಹೆ ಕೇಳಿದರೆ ಪ್ಯಾಚನ್ನೇ ಕಡಿಮೆ ಮಾಡಿ. ದರಮೂಲವನ್ನು ಆರ್ಗ್ಯುಮೆಂಟ್ ಆಗಿ ಒಳಗೆ ಕೊಟ್ಟರೆ ಈ ಗೊಂದಲವೇ ಹುಟ್ಟುವುದಿಲ್ಲ.

‘ಮ್ಯಾಜಿಕ್‌ಮಾಕ್ ಅನ್ನು ಅವೇಟ್ ಮಾಡಲು ಆಗದು’ ಎಂಬ ಅರ್ಥದ ಎರರ್ ಬರುತ್ತಿದೆ.

ಮ್ಯಾಜಿಕ್‌ಮಾಕ್ ಸಾಮಾನ್ಯ ಫಂಕ್ಷನ್‌ಗಳಿಗೆ ಬಳಸುವ ಮಾಕ್. ಅಸಿಂಕ್ ಫಂಕ್ಷನ್ ಜಾಗಕ್ಕೆ ‘ಅಸಿಂಕ್‌ಮಾಕ್’ ಬಳಸಿ. ಪೈಥಾನ್ 3.8ರಿಂದ ಇದೆ. ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಗಮನಿಸುವುದಿಲ್ಲ. ನಿಮ್ಮ ಕೋಡ್‌ನಲ್ಲಿ ‘ಅವೇಟ್’ ಬರೆಯುವುದು ಮರೆತುಹೋದರೆ ಮೆಸೇಜ್ ನಿಜವಾಗಿ ಹೋಗುವುದಿಲ್ಲ. ಆದರೆ ‘ಅಸರ್ಟ್_ಕಾಲ್ಡ್’ ಪಾಸ್ ಆಗುತ್ತದೆ, ಯಾಕೆಂದರೆ ಫಂಕ್ಷನನ್ನು ಕರೆದಿದ್ದಂತೂ ನಿಜ. ಆದ್ದರಿಂದ ಅಸಿಂಕ್ ಕಡೆ ಯಾವಾಗಲೂ ‘ಅಸರ್ಟ್_ಅವೇಟೆಡ್’ ಗುಂಪಿನ ತಪಾಸಣೆಗಳನ್ನೇ ಬಳಸಿ.

ಎಲ್ಲ ಟೆಸ್ಟ್ ಪಾಸ್. ಬಾಟ್ ಮಾತ್ರ ಕೆಲಸ ಮಾಡುವುದಿಲ್ಲ. ಇದು ಹೇಗೆ ಸಾಧ್ಯ?

ಮಾಕ್ ಎಲ್ಲದಕ್ಕೂ ಹೂಂ ಅನ್ನುತ್ತದೆ, ಅದಕ್ಕೆ. ಇಲ್ಲದ ಮೆಥಡ್ ಕರೆದರೂ ಬೇಜಾರಿಲ್ಲ, ಆರ್ಗ್ಯುಮೆಂಟ್ ಹೆಸರು ತಪ್ಪಿದರೂ ಬೇಜಾರಿಲ್ಲ. ‘ಚಾಟ್_ಐಡಿ’ ಬದಲು ‘ಯೂಸರ್_ಐಡಿ’ ಎಂದು ಕೊಟ್ಟು ನೋಡಿ, ಸಾದಾ ಮಾಕ್ ಸುಮ್ಮನೆ ತೆಗೆದುಕೊಳ್ಳುತ್ತದೆ. ಪರಿಹಾರ ‘ಆಟೋಸ್ಪೆಕ್’. ನಿಜವಾದ ಕ್ಲಾಸನ್ನು ತೋರಿಸಿ ‘ಕ್ರಿಯೇಟ್_ಆಟೋಸ್ಪೆಕ್’ ಎಂದು ಮಾಡಿದರೆ ಆ ಕ್ಲಾಸಿನಲ್ಲಿ ಇಲ್ಲದ ಮೆಥಡ್, ಹೊಂದದ ಆರ್ಗ್ಯುಮೆಂಟ್ ಎರಡಕ್ಕೂ ಎರರ್ ಕೊಡುತ್ತದೆ. ಇದನ್ನು ಬಳಸದೆ ಬರೆದ ಮಾಕ್‌ಗಳನ್ನು ನಾನು ನಂಬುವುದಿಲ್ಲ.

ತಪಾಸಣೆಯ ಹೆಸರೇ ತಪ್ಪಿರುವುದೂ ಉಂಟು. ‘ಅಸರ್ಟ್’ ಬಿಟ್ಟು ಬರೀ ‘ಕಾಲ್ಡ್_ಒನ್ಸ್_ವಿತ್’ ಎಂದು ಬರೆದರೆ ಹಳೆಯ ಪೈಥಾನ್‌ನಲ್ಲಿ ಅದು ಏನನ್ನೂ ಪರೀಕ್ಷಿಸದೆ ಪಾಸ್ ಆಗುತ್ತಿತ್ತು. 3.12ರಿಂದ ಎರರ್ ಬರುತ್ತದೆ. ಹಳೆಯ ಆವೃತ್ತಿಯಲ್ಲಿ ಇರುವವರು ಒಂದು ಸಲ ಹುಡುಕಿ ನೋಡಿ. ಹೊಸ ಟೆಸ್ಟ್ ಬರೆದಾಗಲೆಲ್ಲ ಕೋಡನ್ನು ಬೇಕಂತಲೇ ಒಮ್ಮೆ ಕೆಡಿಸಿ, ಟೆಸ್ಟ್ ಬೀಳುತ್ತದಾ ಅಂತ ನೋಡುವ ಅಭ್ಯಾಸ ಇಟ್ಟುಕೊಂಡರೆ ಇಂಥವು ಅಲ್ಲೇ ಸಿಗುತ್ತವೆ.

ಟೆಲಿಗ್ರಾಮ್ ಕಡೆಯ ಯಾವ ಯಾವ ವೈಫಲ್ಯಗಳಿಗೆ ಟೆಸ್ಟ್ ಬರೆಯಬೇಕು?

ಕನಿಷ್ಠ ಮೂರಕ್ಕೆ. ಮೊದಲೆರಡರ ಸಂಖ್ಯೆ ಟೆಲಿಗ್ರಾಮ್ ಕೊಡುವ ಎರರ್ ಸಂಖ್ಯೆ.

403: ಬಳಕೆದಾರರು ಬಾಟನ್ನು ಬ್ಲಾಕ್ ಮಾಡಿದ್ದಾರೆ. ಬೆಳಿಗ್ಗೆ ಏಳರ ಮೆಸೇಜ್ ಕಳಿಸುವಾಗ ಐವತ್ತನೆಯವರು ಬ್ಲಾಕ್ ಮಾಡಿದ್ದರೆ ಐವತ್ತೊಂದನೆಯವರಿಗೆ ದರ ಹೋಗಬೇಕು. ಮಾಕ್‌ನ ‘ಸೈಡ್ ಎಫೆಕ್ಟ್’ಗೆ ಒಂದು ಪಟ್ಟಿ ಕೊಡಿ: ಮೊದಲ ಕರೆಗೆ ಯಶಸ್ಸು, ಎರಡನೆಯದಕ್ಕೆ ‘ಫಾರ್ಬಿಡನ್’ ಎರರ್, ಮೂರನೆಯದಕ್ಕೆ ಮತ್ತೆ ಯಶಸ್ಸು. ಮೂರೂ ಕರೆ ನಡೆದವಾ, ಎರಡನೆಯವರ ಹೆಸರು ಚಂದಾದಾರರ ಪಟ್ಟಿಯಿಂದ ಹೋಯಿತಾ ನೋಡಿ.

429: ಬೇಗ ಬೇಗ ಕಳಿಸುತ್ತಿದ್ದೀರಿ. ಒಂದೇ ಚಾಟ್‌ಗೆ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಕಳಿಸಬೇಡಿ, ಸಾಮೂಹಿಕವಾಗಿ ಕಳಿಸುವಾಗ ಸೆಕೆಂಡಿಗೆ ಸುಮಾರು 30ರೊಳಗೆ ಇರಿ ಎಂದು ಟೆಲಿಗ್ರಾಮ್ ಹೇಳುತ್ತದೆ. ಮೀರಿದರೆ ಎಷ್ಟು ಸೆಕೆಂಡ್ ಕಾಯಬೇಕು ಎಂಬುದನ್ನು ಉತ್ತರದಲ್ಲೇ ‘ರಿಟ್ರೈ_ಆಫ್ಟರ್’ ಎಂದು ಕೊಡುತ್ತದೆ. ಟೆಸ್ಟ್‌ನಲ್ಲಿ ‘ಸ್ಲೀಪ್’ ಫಂಕ್ಷನ್‌ಗೂ ಮಾಕ್ ಹಾಕಿ. 17 ಸೆಕೆಂಡ್ ಎಂದು ಹೇಳಿದ್ದರೆ ಸ್ಲೀಪ್‌ಗೆ ಕನಿಷ್ಠ 17 ಹೋಯಿತಾ ಎಂದು ನೋಡಿ. ಟೆಸ್ಟ್ ನಿಜವಾಗಿ 17 ಸೆಕೆಂಡ್ ಕಾಯಬಾರದು.

ಟೈಮ್‌ಔಟ್: ಇದು ಎಲ್ಲಕ್ಕಿಂತ ಕಷ್ಟದ್ದು. ಉತ್ತರ ಬರಲಿಲ್ಲ ಅಂದಾಕ್ಷಣ ಮೆಸೇಜ್ ಹೋಗಲಿಲ್ಲ ಎನ್ನಲಾಗದು. ಕಣ್ಣುಮುಚ್ಚಿ ಮತ್ತೆ ಕಳಿಸಿದರೆ ಒಬ್ಬರಿಗೇ ಎರಡು ಸಲ ದರ ಹೋಗಬಹುದು. ಧಾರಣೆ ಎರಡು ಸಲ ಹೋದರೆ ಪರವಾಗಿಲ್ಲ, ದುಡ್ಡಿನ ವ್ಯವಹಾರದ ಬಾಟ್ ಆದರೆ ತೊಂದರೆ. ಏನು ಮಾಡಬೇಕೆಂದು ಮೊದಲು ನೀವು ತೀರ್ಮಾನಿಸಿ, ಆ ತೀರ್ಮಾನವನ್ನು ಟೆಸ್ಟ್ ಆಗಿ ಬರೆಯಿರಿ.

ಕನ್ನಡ ಪಠ್ಯಕ್ಕೆಂದೇ ಬೇರೆ ಟೆಸ್ಟ್ ಬೇಕಾ?

ಬೇಕೇ ಬೇಕು. ಇಂಗ್ಲಿಷ್ ಉದಾಹರಣೆಗಳನ್ನು ನೋಡಿ ಬರೆದ ಟೆಸ್ಟ್‌ಗಳು ಇಲ್ಲಿನ ಕಷ್ಟಗಳನ್ನು ಮುಟ್ಟುವುದೇ ಇಲ್ಲ.

ಒಂದನ್ನು ಹತ್ತಿರದಿಂದ ನೋಡೋಣ. ಮೆಸೇಜ್ ಕೆಳಗೆ ಬಟನ್ ಇಡುವಾಗ ಅದರ ಹಿಂದೆ ಅಡಗಿಸುವ ‘ಕಾಲ್‌ಬ್ಯಾಕ್ ಡೇಟಾ’ 64 ಬೈಟ್ ದಾಟಬಾರದು ಎಂಬ ಮಿತಿ ಟೆಲಿಗ್ರಾಮ್‌ನಲ್ಲಿದೆ. ಯುಟಿಎಫ್-8 ಎಂಬ ಪಠ್ಯ ಶೇಖರಣೆಯ ಪದ್ಧತಿಯಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೂ (ಅಕ್ಷರ, ಸ್ವರಚಿಹ್ನೆ, ಸೊನ್ನೆ ಎಲ್ಲ ಬೇರೆ ಬೇರೆ ಕೋಡ್‌ಪಾಯಿಂಟ್) 3 ಬೈಟ್. ‘ಧಾರಣೆ:ಶಿರಸಿ:ಕೆಂಪುಗೋಟು’ ಎಂದು ಇಟ್ಟರೆ 15, 15, 27, ಜೊತೆಗೆ ಎರಡು ಕೋಲನ್, ಒಟ್ಟು 59 ಬೈಟ್. ಬಟನ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದೇ ಜಾಗದಲ್ಲಿ ‘ತೀರ್ಥಹಳ್ಳಿ’ ಬಂದರೆ ಊರಿನ ಹೆಸರೇ 30 ಬೈಟ್, ಒಟ್ಟು 74. ಟೆಲಿಗ್ರಾಮ್ ಇಡೀ ಮೆಸೇಜನ್ನೇ ತಿರಸ್ಕರಿಸುತ್ತದೆ. ಶಿರಸಿಯವರಿಗೆ ಸರಿ, ತೀರ್ಥಹಳ್ಳಿಯವರಿಗೆ ಉತ್ತರವೇ ಇಲ್ಲ!

ಸಾದಾ ಮಾಕ್ ಎರಡನ್ನೂ ಖುಷಿಯಾಗಿ ಪಾಸ್ ಮಾಡುತ್ತದೆ, ಬೈಟ್ ಲೆಕ್ಕ ಅದಕ್ಕೆ ಗೊತ್ತಿಲ್ಲ. ಇಂಥ ಕಡೆ ಕಳಿಸುವ ಕ್ಲಾಸಿಗೆ ಒಂದು ಸಣ್ಣ ಫೇಕ್ ಬರೆಯುವುದು ವಾಸಿ. ಬಟನ್ ಡೇಟಾ 64 ಬೈಟ್ ಮೀರಿದರೆ ಎರರ್, ಪಠ್ಯ 4096 ಕ್ಯಾರೆಕ್ಟರ್ ದಾಟಿದರೆ ಎರರ್, ಪಠ್ಯ ಖಾಲಿ ಇದ್ದರೆ ಎರರ್. ಹತ್ತಿಪ್ಪತ್ತು ಸಾಲಿನ ಕೋಡ್. ಆಮೇಲೆ ನಿಮ್ಮ ಪಟ್ಟಿಯ ಎಲ್ಲ ಊರು, ಎಲ್ಲ ಬಗೆಯ ಅಡಿಕೆಯನ್ನೂ ಪೈಟೆಸ್ಟ್‌ನ ‘ಪ್ಯಾರಮೆಟ್ರೈಸ್’ ಮೂಲಕ ಅದರ ಮೇಲೆ ಓಡಿಸಿ. ಬಟನ್ ಡೇಟಾಗೆ ಊರಿನ ಹೆಸರಿನ ಬದಲು ಒಂದು ಸಣ್ಣ ಸಂಖ್ಯೆ ಬಳಸುವುದು ಶಾಶ್ವತ ಪರಿಹಾರ.

ಎರಡನೆಯದು, ನೋಡಲು ಒಂದೇ ಥರ ಇರುವ ಪದಗಳು. ‘ಗೋಟು’ ಪದದ ‘ೋ’ ಒಂದೇ ಕೋಡ್‌ಪಾಯಿಂಟ್ ಆಗಿರಬಹುದು, ಬಿಡಿಬಿಡಿ ತುಂಡುಗಳಾಗಿಯೂ ಬರಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ, ಪೈಥಾನ್‌ಗೆ ಮಾತ್ರ ಎರಡೂ ಬೇರೆ ಬೇರೆ. ಹೋಲಿಸುವ ಮುಂಚೆ ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಕೂಡಿಸಿದ ಯೂನಿಕೋಡ್ ರೂಪ) ತನ್ನಿ. ಕೆಲವು ಕೀಬೋರ್ಡ್‌ಗಳು ಪದದ ಕೊನೆಯ ಅರ್ಧಾಕ್ಷರದ ನಂತರ ಝಡ್‌ಡಬ್ಲ್ಯೂಎನ್‌ಜೆ ಎಂಬ ಕಣ್ಣಿಗೆ ಕಾಣದ ಚಿಹ್ನೆ ಇಡುತ್ತವೆ, ಅದು ಎನ್‌ಎಫ್‌ಸಿಯಿಂದ ಹೋಗುವುದಿಲ್ಲ, ಬೇರೆ ತೆಗೆಯಬೇಕು. ಇನ್ನು ಜನ ‘ಶಿರಸಿ’, ‘ಶಿರ್ಸಿ’, ‘ಸಿರ್ಸಿ’ ಮೂರನ್ನೂ ಬರೆಯುತ್ತಾರೆ. ಈ ಯಾವುದಕ್ಕೂ ಮಾಕ್ ಬೇಕಿಲ್ಲ. ಪಠ್ಯ ಒಳಗೆ, ಊರು ಹೊರಗೆ, ಅಷ್ಟೇ.

ಮೂರನೆಯದು, ಅಂಕಿಗಳು. ‘೧೨’ ಎಂದು ಕನ್ನಡ ಅಂಕಿಯಲ್ಲಿ ಬರೆದರೂ ಪೈಥಾನ್‌ನ ‘ಇಂಟ್’ ಅದನ್ನು 12 ಎಂದೇ ಓದುತ್ತದೆ. ಆದರೆ ರೆಗೆಕ್ಸ್‌ನಲ್ಲಿ (ಪಠ್ಯದ ನಮೂನೆ ಹುಡುಕುವ ಸೂತ್ರ) ಇಂಗ್ಲಿಷ್ ಅಂಕಿಯ ಸೊನ್ನೆಯಿಂದ ಒಂಬತ್ತು ಎಂದು ವ್ಯಾಪ್ತಿ ಕೊಟ್ಟಿದ್ದರೆ ಅದು ಅಲ್ಲೇ ತಡೆಯುತ್ತದೆ. ದರ ತೋರಿಸುವಾಗಲೂ ಹಾಗೇ: ಪೈಥಾನ್‌ನ ಸಾಮಾನ್ಯ ಕಾಮಾ ಲೆಕ್ಕ 105,000 ಎಂದು ಬರೆಯುತ್ತದೆ, ನಮಗೆ ಬೇಕಾದ್ದು 1,05,000.

ಸಮಯಕ್ಕೆ ಸಂಬಂಧಿಸಿದ್ದನ್ನು ಹೇಗೆ ಪರೀಕ್ಷಿಸುವುದು?

‘ಈಗ ಎಷ್ಟು ಗಂಟೆ’ ಎಂದು ಹೇಳುವ ಫಂಕ್ಷನನ್ನು ಹೊರಗಿನಿಂದ ಕೊಡಿ, ಟೆಸ್ಟ್‌ನಲ್ಲಿ ನಿಮಗೆ ಬೇಕಾದ ಹೊತ್ತನ್ನು ಹೇಳುವ ಫಂಕ್ಷನ್ ಕೊಡಿ. ಪೈಥಾನ್‌ನ ‘ಡೇಟ್‌ಟೈಮ್’ನ ‘ನೌ’ ಅನ್ನು ನೇರವಾಗಿ ಪ್ಯಾಚ್ ಮಾಡಲು ಬಿಡುವುದಿಲ್ಲ. ಹಳೆ ಕೋಡ್ ಆದರೆ ‘ಫ್ರೀಜ್‌ಗನ್’ ಲೈಬ್ರರಿ ಇದೆ.

ಗಡಿಯಾರ ಬೆಳಗಿನ ಜಾವ ಮೂರು ಗಂಟೆ ಎಂದು ಹೇಳುವ ಒಂದು ಟೆಸ್ಟ್ ತಪ್ಪದೆ ಬರೆಯಿರಿ. ಬಾಡಿಗೆ ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತದೆ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮಲ್ಲಿ ಮಧ್ಯರಾತ್ರಿಯಿಂದ ಐದೂವರೆವರೆಗೆ ಅಲ್ಲಿ ಇನ್ನೂ ನಿನ್ನೆಯ ತಾರೀಖೇ ಇರುತ್ತದೆ. ತೋಟದ ಮನೆಯವರು ಐದಕ್ಕೇ ಎದ್ದು ಫೋನ್ ನೋಡುತ್ತಾರೆ, ಅವರಿಗೆ ತಪ್ಪು ತಾರೀಖು ಕಾಣಬಾರದು.

ಮಾಕ್‌ಗೆ ಕೊಡುವ ಮಾಹಿತಿ ಎಲ್ಲಿಂದ ತರುವುದು? ಊಹಿಸಿ ಬರೆಯಬಹುದಾ?

ಊಹಿಸಬೇಡಿ. ನಿಜವಾದ ಬಾಟ್‌ಗೆ ಒಂದು ಮೆಸೇಜ್, ಒಂದು ಫೋಟೋ, ಒಂದು ಸ್ಟಿಕರ್, ಒಂದು ಎಡಿಟ್ ಮಾಡಿದ ಮೆಸೇಜ್ ಕಳಿಸಿ, ಬಂದ ಜೇಸನನ್ನು ಫೈಲ್‌ಗಳಾಗಿ ಇಟ್ಟುಕೊಳ್ಳಿ. ಫೋಟೋ ಬಂದಾಗ ‘ಟೆಕ್ಸ್ಟ್’ ಎಂಬ ಭಾಗವೇ ಇರುವುದಿಲ್ಲ, ಬಹಳ ಬಾಟ್‌ಗಳು ಬೀಳುವುದು ಅಲ್ಲೇ. ಊಹಿಸಿ ಬರೆದ ಮಾಕ್‌ನಲ್ಲಿ ಆ ಭಾಗವನ್ನು ನಾವೇ ತುಂಬಿಬಿಟ್ಟಿರುತ್ತೇವೆ. ಇಡುವ ಮುಂಚೆ ಹೆಸರು, ಯೂಸರ್‌ನೇಮ್, ಐಡಿ ಎಲ್ಲ ಬದಲಿಸಿ. ಯಾರ ಗುರುತೂ ಕೋಡ್ ಜೊತೆ ಊರೂರು ಸುತ್ತಬಾರದು.

ವೆಬ್‌ಹುಕ್ (ಹೊಸ ಮೆಸೇಜಿನ ಸುದ್ದಿಯನ್ನು, ಅಂದರೆ ಅಪ್‌ಡೇಟನ್ನು, ಟೆಲಿಗ್ರಾಮೇ ನಮ್ಮ ಸರ್ವರ್‌ಗೆ ಕಳಿಸುವ ರೀತಿ) ಬಳಸುತ್ತಿದ್ದೇನೆ. ವಿಶೇಷವಾಗಿ ಏನಾದರೂ ನೋಡಬೇಕಾ?

ಎರಡು. ನಿಮ್ಮ ಸರ್ವರ್ ಸರಿಯಾದ ಉತ್ತರ ಕೊಡದಿದ್ದರೆ ಟೆಲಿಗ್ರಾಮ್ ಅದೇ ಅಪ್‌ಡೇಟನ್ನು ಮತ್ತೆ ಕಳಿಸುತ್ತದೆ. ಒಂದೇ ‘ಅಪ್‌ಡೇಟ್_ಐಡಿ’ ಎರಡು ಸಲ ಕೊಟ್ಟು, ಉತ್ತರ ಒಂದೇ ಸಲ ಹೋಗುತ್ತದಾ ನೋಡಿ. ಇನ್ನೊಂದು, ವೆಬ್‌ಹುಕ್ ಇಡುವಾಗ ಕೊಟ್ಟ ‘ಸೀಕ್ರೆಟ್ ಟೋಕನ್’ ಹೆಡರ್‌ನಲ್ಲಿ ಇಲ್ಲದ ವಿನಂತಿಯನ್ನು ಬಾಟ್ ತಿರಸ್ಕರಿಸಬೇಕು. ಆಗ ಹ್ಯಾಂಡ್ಲರ್ ಕರೆಯಲ್ಪಡಲೇ ಇಲ್ಲ ಎಂದು ‘ಅಸರ್ಟ್_ನಾಟ್_ಅವೇಟೆಡ್’ ಬರೆಯಿರಿ.

ಬಟನ್ ಒತ್ತಿದ ಮೇಲೆ ಸುತ್ತುವ ಗುರುತು ನಿಲ್ಲುವುದೇ ಇಲ್ಲ. ಟೆಸ್ಟ್‌ನಲ್ಲಿ ಹಿಡಿಯಬಹುದಾ?

ಹಿಡಿಯಬಹುದು. ಬಟನ್ ಒತ್ತಿದ್ದಕ್ಕೆ ‘ಆನ್ಸರ್ ಕಾಲ್‌ಬ್ಯಾಕ್ ಕ್ವೆರಿ’ ಕರೆಯಲೇಬೇಕು. ದರ ಸಿಗದೆ ಎರರ್ ಆದಾಗಲೂ ಅದನ್ನು ಕರೆಯುತ್ತೀರಾ ಎಂದು ಟೆಸ್ಟ್ ಬರೆಯಿರಿ. ತಪ್ಪಿಹೋಗುವುದು ಆ ದಾರಿಯಲ್ಲೇ.

ಎಲ್ಲ ಮಾಕ್‌ನಲ್ಲೇ ಆದರೆ ನಿಜವಾದ ಟೆಲಿಗ್ರಾಮ್ ಜೊತೆ ಯಾವಾಗ ಪರೀಕ್ಷಿಸುವುದು?

ದಿನಕ್ಕೊಮ್ಮೆ ಅಥವಾ ಬಿಡುಗಡೆಗೆ ಮುಂಚೆ, ಬೆರಳೆಣಿಕೆಯ ಟೆಸ್ಟ್‌ಗಳನ್ನು. ಅದಕ್ಕೆಂದೇ ಬೇರೆ ಬಾಟ್, ಬೇರೆ ಟೋಕನ್ ಇಡಿ. ಟೆಲಿಗ್ರಾಮ್‌ನದೇ ಪ್ರತ್ಯೇಕ ಟೆಸ್ಟ್ ಪರಿಸರವೂ ಇದೆ, ಅಲ್ಲಿ ಹೊಸದಾಗಿ ಖಾತೆ ತೆರೆದು ಬಾಟ್ ಮಾಡಿಕೊಳ್ಳಬೇಕು. ಓಡುತ್ತಿರುವ ಬಾಟ್‌ನ ಟೋಕನ್ ಇಟ್ಟುಕೊಂಡು ಇನ್ನೊಂದು ಕಡೆಯಿಂದ ‘ಗೆಟ್ ಅಪ್‌ಡೇಟ್ಸ್’ (ಹೊಸ ಮೆಸೇಜ್ ಇದೆಯಾ ಎಂದು ಟೆಲಿಗ್ರಾಮನ್ನು ಕೇಳುವ ಕರೆ) ಕರೆದರೆ 409 ಎರರ್ ಬಂದು ಎರಡೂ ಒದ್ದಾಡುತ್ತವೆ. ದರದ ಸರ್ವರ್‌ಗೂ ಇಂಥದ್ದೇ ಒಂದು ಟೆಸ್ಟ್ ಬೇಕು: ನಿಜವಾಗಿ ಕೇಳಿ, ಬಂದ ಉತ್ತರದ ಆಕಾರ ನೀವು ಇಟ್ಟುಕೊಂಡ ಜೇಸನ್ ಫೈಲ್ ಥರವೇ ಇದೆಯಾ ಎಂದು ನೋಡುವುದು. ಅವರು ಒಂದು ಭಾಗದ ಹೆಸರು ಬದಲಿಸಿದ ದಿನ ಮಾಕ್‌ಗೆ ಅದು ತಿಳಿಯುವುದಿಲ್ಲ, ಈ ಟೆಸ್ಟ್‌ಗೆ ತಿಳಿಯುತ್ತದೆ.

ನಮ್ಮ ಬಾಟ್ ಉತ್ತರ ಬರೆಯಲು ಎಐ ಮಾಡೆಲ್ ಕೇಳುತ್ತದೆ. ಉತ್ತರ ಪ್ರತಿ ಸಲ ಬೇರೆ ಬರುತ್ತದಲ್ಲ?

ಮಾಡೆಲ್ ಕೂಡ ಹೊರಗಿನ ಲೋಕವೇ, ಅದನ್ನೂ ಒಂದು ಕ್ಲಾಸಿನ ಹಿಂದೆ ಇಡಿ. ಮಾಕ್‌ನಿಂದ ಒಳ್ಳೆಯ ಉತ್ತರ, ಖಾಲಿ ಉತ್ತರ, ಅರ್ಧಕ್ಕೆ ನಿಂತ ಜೇಸನ್, 4096 ದಾಟುವ ಉದ್ದದ ಉತ್ತರ ಎಲ್ಲ ಕೊಟ್ಟು ನಿಮ್ಮ ಕೋಡ್ ಏನು ಮಾಡುತ್ತದೆ ನೋಡಿ. ದರದಂಥ ಸಂಖ್ಯೆಗಳು ದರಮೂಲದಿಂದಲೇ ಬಂದವಾ, ಮಾಡೆಲ್ ಕಟ್ಟಿ ಹೇಳಿತಾ ಎಂದು ತಾಳೆ ನೋಡುವ ಟೆಸ್ಟ್ ಬಹಳ ಮುಖ್ಯ, ಅಡಿಕೆ ಇವತ್ತು ಮಾರಬೇಕಾ ಎಂದು ಜನ ಆ ಸಂಖ್ಯೆ ನೋಡಿ ತೀರ್ಮಾನಿಸುತ್ತಾರೆ. ಮಾಡೆಲ್‌ನ ಕನ್ನಡ ಚೆನ್ನಾಗಿದೆಯಾ ಎಂಬುದು ಮಾಕ್‌ನಿಂದ ತಿಳಿಯುವುದಿಲ್ಲ. ಅದನ್ನು ಕನ್ನಡ ಬಲ್ಲವರು ಕೂತು ಓದಬೇಕು.

ಹಳೆಯ ಬಾಟ್, ಒಂದೂ ಟೆಸ್ಟ್ ಇಲ್ಲ. ಎಲ್ಲಿಂದ ಶುರು ಮಾಡಲಿ?

ಎಲ್ಲದಕ್ಕೂ ಬರೆಯಲು ಹೊರಡಬೇಡಿ, ಅರ್ಧದಲ್ಲಿ ಬೇಸರ ಬರುತ್ತದೆ. ಬಳಕೆದಾರರು ಕೊನೆಯದಾಗಿ ಹೇಳಿದ ತೊಂದರೆ ಯಾವುದು? ಅದನ್ನು ಹಾಗೇ ಮತ್ತೆ ಉಂಟುಮಾಡುವ ಒಂದು ಟೆಸ್ಟ್ ಬರೆಯಿರಿ. ಅದಕ್ಕೆ ಬೇಕಾದಷ್ಟೇ ಕೋಡನ್ನು ತೆಳು ಕ್ಲಾಸ್ ಆಗಿ ಹೊರಗೆ ತೆಗೆಯಿರಿ. ಟೆಸ್ಟ್ ಮೊದಲು ಬೀಳಲಿ, ಆಮೇಲೆ ತಿದ್ದಿ, ಪಾಸ್ ಮಾಡಿಸಿ. ಮುಂದಿನ ದೂರು ಬಂದಾಗ ಮತ್ತೆ ಅದನ್ನೇ ಮಾಡಿ. ಇದರ ಜೊತೆಗೆ ಗಿಟ್‌ಹಬ್ ಆಕ್ಷನ್ಸ್ ಥರದ್ದು ಯಾವುದಾದರೂ ಹಾಕಿ, ಪ್ರತಿ ಪುಷ್‌ಗೂ ಟೆಸ್ಟ್ ತಾನಾಗಿ ಓಡುವಂತೆ ಮಾಡಿಡಿ. ಕೈಯಿಂದಲೇ ಓಡಿಸಬೇಕು ಅಂತಿದ್ದರೆ ಗಡಿಬಿಡಿಯ ದಿನ ಯಾರೂ ಓಡಿಸುವುದಿಲ್ಲ.